ಸೇಫ್ಟಿ ಕಾರಿನ ಸಿಟ್ಟು

ಫಾರ್ಮುಲಾ ಒನ್‌ ಚಾಲಕರ ಸಂದರ್ಶನಕ್ಕೆ ಈಗ ಬರವಿಲ್ಲ. ಬರ ಇರುವುದು ಮಾತಿಗೆ. ಟೋಪಿಯಿಂದ ನೀರಿನ ಬಾಟಲಿವರೆಗೆ ಪ್ರಾಯೋಜಕರ ಹೆಸರು ಹೊತ್ತು ಬಂದು, ‘ತಂಡ ಚೆನ್ನಾಗಿ ಕೆಲಸ ಮಾಡಿತು’ ಎಂದು ಹೇಳಿ ಹೋಗುತ್ತಾರೆ. ಹಾಗಾಗಿ ಈ ಸಲ ಪಿಟ್ ಲೇನಿನ ತುದಿಯಲ್ಲಿ ಕರೆಗಾಗಿ ಕಾಯುತ್ತಿದ್ದ ಸೇಫ್ಟಿ ಕಾರನ್ನೇ ಹಿಡಿದೆವು: ಟ್ರ್ಯಾಕಿನಲ್ಲಿ ಅಪಾಯವಾದಾಗ ಎಲ್ಲರ ಮುಂದೆ ಓಡಿ ರೇಸಿನ ವೇಗ ತಗ್ಗಿಸುವ ಕಾರು. ನೆತ್ತಿಯ ಮೇಲೆ ದೀಪದ ಪಟ್ಟಿ, ಮೈತುಂಬ ಜಾಹೀರಾತು. ಒಳಗೆ ಇಬ್ಬರು: 2000ನೇ ಇಸವಿಯಿಂದ ಇದೇ ಕೆಲಸದಲ್ಲಿರುವ ಬೆರ್ಂಡ್ ಮೇಲ್ಯಾಂಡರ್, ಪಕ್ಕದಲ್ಲಿ ರೇಡಿಯೊ ಮತ್ತು ಪರದೆ ನೋಡಿಕೊಳ್ಳುವ ಜೊತೆಗಾರ. ಇಬ್ಬರೂ ತುಟಿ ಬಿಚ್ಚಲಿಲ್ಲ. ಕಾರು ಸುಮ್ಮನಾಗಲಿಲ್ಲ.

ಪ್ರಶ್ನೆ: ನಮಸ್ಕಾರ. ರೇಸು ಸಪ್ಪೆಯಾಗಿದೆ ಅಂತ ಅಭಿಮಾನಿಗಳು...

ಕಾರು: ಆಮೆ ಅಂದುಬಿಟ್ಟ!

ಪ್ರಶ್ನೆ: ಯಾರು?

ಕಾರು: ಚಾಲಕ ವರ್ಸ್ಟಾಪನ್. 2022, ಮೆಲ್ಬರ್ನ್ ರೇಸು. ಆಗ ನಾನು ಆಸ್ಟನ್ ಮಾರ್ಟಿನ್ ಅವತಾರದಲ್ಲಿದ್ದೆ. ರೇಸಾದ ಮೇಲೆ ನನ್ನನ್ನು ಆಮೆ ಅಂದ. ಸ್ವಾಮಿ, ಗಂಟೆಗೆ 200 ಕಿ.ಮೀ. ದಾಟಿ ಓಡುವವನು ನಾನು. ನಿಮ್ಮ ಹೊಸೂರು ರಸ್ತೆಯಲ್ಲಿ ಹಾಗೆ ಓಡಿದರೆ ಲೈಸೆನ್ಸ್ ಹೋಗುತ್ತದೆ. ಅಷ್ಟಕ್ಕೂ ಸಮುದ್ರ ಮಥನದಲ್ಲಿ ಮಂದರ ಪರ್ವತ ಮುಳುಗುವಾಗ ಬೆನ್ನು ಕೊಟ್ಟವರು ಯಾರು? ಚೀತಾನೇ?

ಪ್ರಶ್ನೆ: ಮೊನಾಕೊಗೆ ಬರೋಣ. 2024ರಲ್ಲಿ ಮೊದಲ ಹತ್ತು ಮಂದಿ ಹೊರಟ ಕ್ರಮದಲ್ಲೇ ಗುರಿ ಮುಟ್ಟಿದರು. ಹೊರಡುವ ಕ್ರಮ ತೀರ್ಮಾನವಾದ ಶನಿವಾರವೇ ಕಪ್ ಹಂಚಿ ಮನೆಗೆ ಕಳಿಸಬಹುದಿತ್ತಲ್ಲ?

ಕಾರು: ಅಲ್ಲೇ ನೋಡಿ ಅನ್ಯಾಯ! ಮೊದಲ ಸುತ್ತಿನ ಅಪಘಾತಕ್ಕೆ ಕೆಂಪು ಬಾವುಟ ಬಿತ್ತು, ಆ ಬಿಡುವಿನಲ್ಲೇ ಟೈರು ಬದಲಾಯಿಸಿಕೊಂಡರು. ಆಮೇಲೆ ಟೈರು ಉಳಿಸಬೇಕೆಂದು ಬೇಕಂತಲೇ ನಿಧಾನ. ಆಗಿನ ಕಾರುಗಳ ಅಗಲ ಎರಡು ಮೀಟರ್, ಉದ್ದ ಐದೂವರೆ ಮೀಟರ್. ಬೀದಿ ಮಾತ್ರ 1929ರಿಂದ ಬಹುಪಾಲು ಅದೇ ಬೀದಿ. ಹಿಂದಿನವನು ದಾಟುವುದೆಲ್ಲಿಂದ? ದಿಂಬು ತರಬೇಕಿತ್ತು ಅಂತ ರೇಡಿಯೊದಲ್ಲಿ ಗೊಣಗಿದವನೂ ಅದೇ ವರ್ಸ್ಟಾಪನ್. ಆದರೆ ಯಾರನ್ನಾದರೂ ಆಮೆ ಅಂದನೇ? ಇಲ್ಲ. ಅವರು ಮಾಡಿದರೆ ‘ಟೈರ್ ಮ್ಯಾನೇಜ್‌ಮೆಂಟ್’, ನಾನು ಮಾಡಿದರೆ ಆಮೆ.

ಪ್ರಶ್ನೆ: ಮಯಾಮಿಯಲ್ಲಿ ಹಲಗೆಯ ಮೇಲೆ ನೀರಿನಂತೆ ಕಾಣುವ ಹಾಳೆ ಅಂಟಿಸಿ ಸುಳ್ಳು ಬಂದರು ಮಾಡಿದ್ದರು. ಲಾಸ್ ವೇಗಸ್‌ನಲ್ಲಿ, 2023ರಲ್ಲಿ, ರಸ್ತೆಯ ವಾಲ್ವ್ ಮುಚ್ಚಳ ಎದ್ದು ಚಾಲಕ ಸೈನ್ಸ್‌ನ ಫೆರಾರಿ ಹಾಳಾಯಿತು. ಹೊಸ ಬ್ಯಾಟರಿ ಹಾಕಿದ್ದಕ್ಕೆ ಶಿಕ್ಷೆ ಆದದ್ದು ಸೈನ್ಸ್‌ಗೇ, ಹತ್ತು ಸ್ಥಾನ ಹಿಂದಕ್ಕೆ! ಎರಡನೇ ಅಭ್ಯಾಸ ಶುರುವಾಗುವ ಮೊದಲು ಪ್ರೇಕ್ಷಕರನ್ನು ಹೊರಗೆ ಕಳಿಸಿ ಗೇಟು ಹಾಕಿದರು. ಹಣ, ಹಣ, ಹಣ...

ಕಾರು: ಮಯಾಮಿ ಅಂದಿರಿ, ಒಳ್ಳೆಯದಾಯಿತು. 2025ರಲ್ಲಿ ಅಲ್ಲೇ ಚಾಲಕರನ್ನು ಲೆಗೊ ಇಟ್ಟಿಗೆಯ ಕಾರುಗಳಲ್ಲಿ ಮೆರವಣಿಗೆ ಮಾಡಿಸಿದರು. ಗಂಟೆಗೆ 20 ಕಿ.ಮೀ.! ಜನ ಚಪ್ಪಾಳೆ ತಟ್ಟಿದರು, ಎಷ್ಟು ಮುದ್ದು ಅಂದರು. ಆಟಿಕೆ ತೆವಳಿದರೆ ಮುದ್ದು, ನಾನು ಓಡಿದರೆ...

ಪ್ರಶ್ನೆ: ಆಮೆ, ಗೊತ್ತಾಯಿತು. ಅಂದ ಹಾಗೆ ನಿಮಗೆ ಗ್ರೇಟರ್ ನೊಯ್ಡಾ ನೆನಪಿದೆಯೇ? ಬುದ್ಧ ಸರ್ಕೀಟ್, 2011ರಿಂದ 2013. ಮೂರು ರೇಸು, ಮೂರನ್ನೂ ಗೆದ್ದವನು ವೆಟ್ಟೆಲ್. ಉತ್ತರ ಪ್ರದೇಶ ಸರ್ಕಾರ ‘ಇದು ಕ್ರೀಡೆಯಲ್ಲ, ಮನರಂಜನೆ, ತೆರಿಗೆ ಕಟ್ಟಿ’ ಅಂದಿತು. ಆ ಜಗಳದಲ್ಲೇ ರೇಸು ಹೋಯಿತು. ಲಖನೌದ ಅಧಿಕಾರಿಗಳಿಗೆ ಫಾರ್ಮುಲಾ ಒನ್ ಏನು ಗೊತ್ತು ಅಂತ ಇಲ್ಲಿ ಎಲ್ಲರೂ ನಕ್ಕರು. ಆದರೆ 2017ರಲ್ಲಿ ಲಿಬರ್ಟಿ ಮೀಡಿಯಾ ಕಂಪನಿ ಫಾರ್ಮುಲಾ ಒನ್‌ನ ಇಡೀ ಅಂಗಡಿ ಕೊಂಡುಕೊಂಡಿತು. ಆಮೇಲೆ ನೆಟ್‌ಫ್ಲಿಕ್ಸ್ ಧಾರಾವಾಹಿ, ಶನಿವಾರದ ಸ್ಪ್ರಿಂಟ್, ಬ್ರ್ಯಾಡ್ ಪಿಟ್ ಸಿನಿಮಾ. ಆ ಸಿನಿಮಾಕ್ಕಾಗಿ ನಿಜವಾದ ರೇಸಿನ ಪಿಟ್ ಲೇನಿನಲ್ಲಿ ಸುಳ್ಳು ತಂಡಕ್ಕೊಂದು ಗ್ಯಾರೇಜು!

ಕಾರು: ಪ್ರಶ್ನೆ ಏನು?

ಪ್ರಶ್ನೆ: ಪ್ರಶ್ನೆ ಇಲ್ಲ, ಹೇಳಿದೆ ಅಷ್ಟೇ. ಇನ್ನೊಂದು ವಿಷಯ. ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡ 2018ರಲ್ಲಿ ಕೈ ಬದಲಾಗಿ ಈಗ ಆಸ್ಟನ್ ಮಾರ್ಟಿನ್ ತಂಡ ಆಗಿದೆ. ಆ ಲೆಕ್ಕಕ್ಕೆ ನೀವು ನಮಗೆ ನೆಂಟರು.

ಕಾರು: ನೆಂಟಸ್ತನ ಬೇಡ ಮಾರಾಯ್ರೆ, ಸಾಲ ಕೊಟ್ಟವರು ನನ್ನನ್ನು ಹುಡುಕಿಕೊಂಡು ಬಂದಾರು. ನನ್ನ ವಂಶ ಬೇರೆ. 1973ರಲ್ಲಿ ಕೆನಡಾದಲ್ಲಿ ಹಳದಿ ಪೋರ್ಷೆಯಾಗಿ ಮೊದಲು ಇಳಿದೆ. ಮುನ್ನಡೆಯಲ್ಲಿದ್ದವನನ್ನು ಬಿಟ್ಟು ಇನ್ಯಾರದೋ ಮುಂದೆ ನಿಂತೆ. ಗೆದ್ದವರು ಯಾರೆಂದು ಲೆಕ್ಕ ಹಾಕಲು ಗಂಟೆಗಟ್ಟಲೆ ಹಿಡಿಯಿತು. ಅಂಥ ದಿನವೂ ನನ್ನನ್ನು ಆಮೆ ಅಂದವರಿಲ್ಲ.

ಪ್ರಶ್ನೆ: 2021, ಅಬುಧಾಬಿ?

ಕಾರು: ನನ್ನ ಕೈಯಲ್ಲಿರುವುದು ಎರಡೇ ಬಣ್ಣ. ಹಸಿರು ದೀಪ ಹಾಕಿದರೆ ಹಿಂದಿನವರು ನನ್ನನ್ನು ದಾಟಬಹುದು. ಕಿತ್ತಳೆ ದೀಪ ಆರಿಸಿದರೆ ಆ ಸುತ್ತಿನ ಕೊನೆಗೆ ನಾನು ಒಳಗೆ ಹೋಗುತ್ತೇನೆ. ಹ್ಯಾಮಿಲ್ಟನ್ ಮತ್ತು ವರ್ಸ್ಟಾಪನ್ ನಡುವಿನ ಐದು ಕಾರುಗಳನ್ನು ಮಾತ್ರ ಮುಂದೆ ಬಿಡು ಅಂದದ್ದು ಕಂಟ್ರೋಲ್ ರೂಮು. ಒಂದೇ ಸುತ್ತು ಉಳಿದಿತ್ತು, ಟಿವಿಗೆ ಕ್ಲೈಮ್ಯಾಕ್ಸ್ ಸಿಕ್ಕಿತು. ಹಾಗೆ ಚಾಂಪಿಯನ್ ಆದ ವರ್ಸ್ಟಾಪನ್ ನನಗೊಂದು ಥ್ಯಾಂಕ್ಸ್ ಹೇಳಬಹುದಿತ್ತು. ಬದಲಿಗೆ, ನಾಲ್ಕೇ ತಿಂಗಳಿಗೆ...

ಪ್ರಶ್ನೆ: ಅದನ್ನು ಬಿಡಿ. 2021ರ ಆಗಸ್ಟ್ 29, ಸ್ಪಾ ಸರ್ಕೀಟ್.

ಕಾರು: (ಮೌನ)

ಪ್ರಶ್ನೆ: ಬೆಳಗಿನಿಂದ ಮಳೆ. ಮೂರು ಗಂಟೆಗೆ ಶುರುವಾಗಬೇಕಿದ್ದ ರೇಸಿಗಾಗಿ ಜನ ಆರು ದಾಟುವವರೆಗೂ ಆರ್ಡೆನ್ಸ್ ಗುಡ್ಡದ ಕೆಸರಿನಲ್ಲಿ ನೆನೆಯುತ್ತ ಕಾದರು. ಭುಜದ ಮೇಲೆ ಮಕ್ಕಳನ್ನು ಹೊತ್ತವರಿದ್ದರು. ಆ ಮಳೆಯಲ್ಲಿ ರೇಸು ನಡೆಸದೆ ಇದ್ದದ್ದು ಸರಿ. ಯಾರ ಜೀವವೂ ಟಿವಿ ಒಪ್ಪಂದಕ್ಕಿಂತ ಅಗ್ಗವಲ್ಲ. ರದ್ದು ಮಾಡಿ, ಕ್ಷಮೆ ಕೇಳಿ, ಹಣ ಹಿಂದಿರುಗಿಸಿದ್ದರೆ ಮುಗಿಯುತ್ತಿತ್ತು. ಹಾಗೆ ಮಾಡಲಿಲ್ಲ. ಎರಡು ಸುತ್ತು ದಾಟಿದರೆ ಅರ್ಧ ಅಂಕ ಎಂದು ನಿಯಮದಲ್ಲಿತ್ತು. ಅದಕ್ಕೆ ಸಾಲುವಷ್ಟೇ ಸುತ್ತು ನಿಮ್ಮ ಬೆನ್ನ ಹಿಂದೆ ಓಡಿಸಿದರು. ಒಬ್ಬನೂ ಇನ್ನೊಬ್ಬನನ್ನು ದಾಟಲಿಲ್ಲ, ದಾಟುವಂತೆಯೂ ಇರಲಿಲ್ಲ. ಆಮೇಲೆ ವೇದಿಕೆ ಹಾಕಿ ಶಾಂಪೇನ್ ಚಿಮ್ಮಿಸಿದರು. ಟಿಕೆಟ್ ಹಣ ವಾಪಸ್ ಕೊಡಿ ಎಂದು ಹ್ಯಾಮಿಲ್ಟನ್ ಬಾಯಿಬಿಟ್ಟು ಹೇಳಿದ. ಕೊಡಲಿಲ್ಲ. ಇದು ಸಪ್ಪೆ ರೇಸಲ್ಲ. ನೆನೆದು ಕಾದ ಜನರ ಜೇಬಿಗೆ ಹಾಕಿದ ಕತ್ತರಿ.

ಕಾರು: ಅಂದು ಮುಂದೆ ಇದ್ದವನು ನಾನೇ. ಮೊದಲಿಂದ ಕೊನೆತನಕ. ಅಂದು ಕೂಡ ನನ್ನನ್ನು ಯಾರೂ ಆಮೆ ಅನ್ನಲಿಲ್ಲ.

ಅಷ್ಟರಲ್ಲಿ ಒಳಗಿನ ರೇಡಿಯೊ ಕೂಗಿತು. ದೀಪ ಹೊತ್ತಿಸಿಕೊಂಡು ಕಾರು ಹೊರಟಿತು, ಇಪ್ಪತ್ತು ನಿಮಿಷದ ಮೆರವಣಿಗೆಯ ಮುಂದಾಳತ್ವಕ್ಕೆ.

2022ರಿಂದ ಅರ್ಧ ಅಂಕದ ಆ ನಿಯಮ ಬದಲಾಯಿತು: ಸೇಫ್ಟಿ ಕಾರಿನ ಹಂಗಿಲ್ಲದೆ ಕನಿಷ್ಠ ಎರಡು ಸುತ್ತು ಓಡದಿದ್ದರೆ ಅಂಕವಿಲ್ಲ. ಚಾಲಕರ ಅಂಕಕ್ಕೆ ನ್ಯಾಯ ಸಿಕ್ಕಿತು. ಟಿಕೆಟ್ ಕೊಂಡವನ ಹೆಸರು ಆ ನಿಯಮದಲ್ಲಿ ಎಲ್ಲೂ ಇಲ್ಲ. ಲಖನೌದ ತೆರಿಗೆಯವರು ಹೇಳಿದ್ದೇ ಸರಿ, ಇದು ಮನರಂಜನೆ. ಹಾಗಿದ್ದರೆ ಮನರಂಜನೆಯ ಧರ್ಮವನ್ನಾದರೂ ಪಾಲಿಸಲಿ. ಕರೆಂಟ್ ಹೋಗಿ ಸಿನಿಮಾ ನಿಂತರೆ ನಮ್ಮ ಟೂರಿಂಗ್ ಟಾಕೀಸಿನವರೂ ಮಾರನೇ ದಿನಕ್ಕೆ ಪಾಸ್ ಬರೆದು ಕೊಡುತ್ತಿದ್ದರು. ಆಟ ನಡೆಯದ ದಿನ ಟಿಕೆಟ್ ಹಣ ವಾಪಸ್ ಕೊಡಲಿ.