ಎಂಡಿ0-ರೈಡ್5 ಎಂಬ ಥ್ರೆಡ್ಡಿಗೆ, ಹುಣಸೂರಿನಿಂದ

ಪ್ರಿಯ ಎಂಡಿ0-ರೈಡ್5,

ಲಿನಕ್ಸ್ ಕರ್ನೆಲ್ಲಿನ ಒಳಗೆ ಹಗಲೂ ರಾತ್ರಿ ದುಡಿಯುವ ನಿನಗೆ ಪತ್ರ ಬರೆಯುವವರು ಯಾರೂ ಇರಲಿಕ್ಕಿಲ್ಲ. ನಿನ್ನ ಕರೆಂಟು ಕಿತ್ತವನು ನಾನು. ಕಿತ್ತದ್ದು ತಪ್ಪು ಎಂದು ನಾಲ್ಕು ಜನರೆದುರು ಒಪ್ಪಿಕೊಳ್ಳಬೇಕು ಅನ್ನಿಸಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗರೂ ಇದನ್ನು ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನೀನಿರುವುದು ಹುಣಸೂರಿನ ಒಂದು ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಸುತ್ತಿಟ್ಟ ಪರದೆಗಳ ಪಕ್ಕದ ಪೆಟ್ಟಿಗೆಯೊಳಗೆ. ಅದರ ನಾಲ್ಕು ಡಿಸ್ಕಿಗೂ ಸ್ಟುಡಿಯೋದ ಅಣ್ಣ ಬಿಳಿ ಸ್ಟಿಕ್ಕರ್ ಅಂಟಿಸಿ, ನೀಲಿ ಮಾರ್ಕರಿನಲ್ಲಿ ಆ ನಾಲ್ಕು ತಾಲ್ಲೂಕಿನ ಹೆಸರು ಬರೆದಿದ್ದಾರೆ. ಕೋಟೆಯ ಮದುವೆಗಳೆಲ್ಲ ಕೋಟೆ ಡಿಸ್ಕಿನಲ್ಲಿ, ನಗರದವು ನಗರದ್ದರಲ್ಲಿ ಇವೆ ಎಂದೇ ಅವರು ಬಹಳ ದಿನ ತಿಳಿದಿದ್ದರು. ನೀನು ಮಾಡುವುದು ಬೇರೆ. ಪ್ರತಿ ಫೋಟೋವನ್ನೂ ಚೂರು ಮಾಡಿ ಮೂರು ಡಿಸ್ಕಿಗೆ ಹಂಚುತ್ತೀಯ, ನಾಲ್ಕನೆಯದರಲ್ಲಿ ಆ ಮೂರರ ಲೆಕ್ಕ ಬರೆದಿಡುತ್ತೀಯ. ಲೆಕ್ಕ ಇಡುವ ಪಾಳಿ ನಾಲ್ಕಕ್ಕೂ ಸರದಿಯ ಮೇಲೆ ಬರುತ್ತದೆ. ಒಂದು ಡಿಸ್ಕು ಕೈಕೊಟ್ಟರೆ ಉಳಿದ ಮೂರು ಸೇರಿ ಅದನ್ನು ಮತ್ತೆ ಕಟ್ಟಿಕೊಡುತ್ತವೆ. ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು 1987ರಲ್ಲಿ ಈ ಉಪಾಯಕ್ಕೆ ರೈಡ್ ಎಂದು ಹೆಸರಿಟ್ಟರು. ದುಬಾರಿ ಕಾರ್ಡಿನ ಹಂಗಿಲ್ಲದೆ ಬರೀ ಸಾಫ್ಟ್‌ವೇರಿನಲ್ಲಿ ಅದನ್ನು ನಡೆಸಿ ತೋರಿಸಿದವರು ನಿನ್ನವರು. ಚಿಕ್ಕ ಊರಿನ ಸ್ಟುಡಿಯೋಗೆ ಅದೆಷ್ಟು ದೊಡ್ಡ ಉಪಕಾರ ಎಂಬುದು ನನಗೆ ಗೊತ್ತು.

ನಿನ್ನ ಕರೆಂಟು ಕಿತ್ತ ದಿನ ಬೆಳಗ್ಗೆ ಕೆ.ಆರ್. ನಗರ ಕಡೆಯ ಹುಡುಗನೊಬ್ಬ ಬಂದ. "ತಾತ ಹೋಗ್ಬಿಟ್ರು ಅಣ್ಣ. ಅಕ್ಕನ ಮದ್ವೇಲಿ ಪೇಟ ಕಟ್ಕೊಂಡು ಕೂತಿದ್ರಲ್ಲ, ಆ ಮುಖ ಕತ್ತರಿಸಿ ದೊಡ್ಡದು ಮಾಡ್ಕೊಡಿ" ಅಂದ. ಸ್ಟುಡಿಯೋಗಳಿಗೆ ಇಂಥ ಬೇಡಿಕೆ ಹೊಸದಲ್ಲ. ಎಷ್ಟೋ ಹಿರಿಯರ ಒಳ್ಳೆಯ ಫೋಟೋ ಅಂತ ಇರುವುದೇ ಯಾರದೋ ಮದುವೆಯ ಗುಂಪಿನಲ್ಲಿ. ಅಣ್ಣ ಫೋಲ್ಡರ್ ತೆರೆದರು. ಕಂಪ್ಯೂಟರ್ ಪರದೆ ಹಾಗೇ ನಿಂತುಬಿಟ್ಟಿತು.

ನನ್ನನ್ನು ಕರೆಸಿದರು. ಪ್ರೊಸೆಸರ್ ಸುಮ್ಮನೆ ಕೂತಿದೆ, ಲೋಡ್ ಮಾತ್ರ ಏರುತ್ತಲೇ ಇದೆ. ನಿನ್ನ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ನೋಡಿದರೆ ಸಾಲಾಗಿ ನಾಲ್ಕು 'ಯು', ಅಂದರೆ ನಾಲ್ಕೂ ಡಿಸ್ಕು ಸರಿಯಾಗಿವೆ. ಪ್ರೊಸೆಸ್‌ಗಳ ಪಟ್ಟಿಯಲ್ಲಿ ಒಂದರ ಕೆಳಗೊಂದು 'ಡಿ'. ಡಿ ಅಂದರೆ ಎಬ್ಬಿಸಲಾಗದ ನಿದ್ದೆ. ಡಿಸ್ಕಿನಿಂದ ಉತ್ತರ ಬರುವ ತನಕ ಕಿಲ್ ಮೈನಸ್ ನೈನ್ ಕೊಟ್ಟರೂ ಏಳುವುದಿಲ್ಲ. ಕರ್ನೆಲ್ಲಿನ ದೂರು ಕೂಡ ಬಂದಿತ್ತು: ಇಂಥ ಕೆಲಸ 120 ಸೆಕೆಂಡಿಗಿಂತ ಹೆಚ್ಚು ಹೊತ್ತಿನಿಂದ ತಡೆದು ನಿಂತಿದೆ ಎಂದು. ಕಾಯುತ್ತಿರುವವನ ಹೆಸರು ಅದರಲ್ಲಿತ್ತು. ಯಾರಿಗಾಗಿ ಕಾಯುತ್ತಿದ್ದಾನೆ ಎಂಬುದು ಇರಲಿಲ್ಲ.

"ಸ್ವಿಚ್ ತೆಗ್ದು ಹಾಕ್ಬಿಡು ಮಗ, ಅಲ್ಲಿ ಮನೆಮಂದಿ ಕಾಯ್ತಾವ್ರೆ" ಅಂದರು ಅಣ್ಣ. ತೆಗೆದೆ.

ಮತ್ತೆ ಆನ್ ಮಾಡಿದಾಗ ಪಿರಿಯಾಪಟ್ಟಣದ ಡಿಸ್ಕು ಏಳಲಿಲ್ಲ. ಉಳಿದ ಮೂರನ್ನು ಇಟ್ಟುಕೊಂಡು ನಡೆಸುವುದಿಲ್ಲ ಎಂದು ನೀನು ಹಟ ಹಿಡಿದೆ. ಹಟಕ್ಕೆ ಕಾರಣವಿತ್ತು. ಬರೆಯುತ್ತಿದ್ದಾಗಲೇ ಕರೆಂಟು ಹೋದರೆ ಚೂರು ಹೊಸದು, ಲೆಕ್ಕ ಹಳೆಯದು ಆಗಿ ಉಳಿದಿರಬಹುದು. ಅದನ್ನು ನಂಬಿ ನಾಲ್ಕನೆಯದನ್ನು ಕಟ್ಟಿದರೆ ಕಸವನ್ನೇ ಫೋಟೋ ಎಂದು ಕೊಟ್ಟಂತೆ. ಹಾಗೆ ಮಾಡಲಾರೆ ಎಂದು ನಿಂತೆ. ಆ ಮಧ್ಯಾಹ್ನ ತಾತನ ಆಧಾರ್ ಕಾರ್ಡಿನ ಪುಟ್ಟ ಚಿತ್ರವನ್ನೇ ಹಿಗ್ಗಿಸಿ ಫ್ರೇಮ್ ಹಾಕಿಕೊಟ್ಟೆವು. ಕಣ್ಣೆಲ್ಲಿ, ರೆಪ್ಪೆಯೆಲ್ಲಿ ಎಂದು ಗುರುತು ಸಿಗದಂತೆ ಮಸುಕಾಗಿತ್ತು. ಹುಡುಗ ಏನೂ ಅನ್ನದೆ ತೆಗೆದುಕೊಂಡು ಹೋದ.

ಹೊಸದಾಗಿ 'ಕ್ರಿಯೇಟ್' ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ ಎಂದು ಒಬ್ಬರು ಫೋನಿನಲ್ಲಿ ಹೇಳಿದರು. ಹುಡುಗರೇ, ಇದೊಂದು ಮಾತು ಕೇಳಿ. ಇಂಥ ಹೊತ್ತಿನಲ್ಲಿ ಆ ಕಮಾಂಡನ್ನು ಮುಟ್ಟಬೇಡಿ. ಡಿಸ್ಕುಗಳ ಸರದಿಯೋ ಚೂರಿನ ಅಳತೆಯೋ ಒಂದಿಷ್ಟು ತಪ್ಪಿದರೂ ಹಳೆಯ ದಾಖಲೆ ಅಳಿಸಿ, ಎಷ್ಟೋ ಮನೆಗಳ ಮುಹೂರ್ತ ಕಲಸುಮೇಲೋಗರವಾಗುತ್ತದೆ. ನಾನು ಮೊದಲು ಪ್ರತಿ ಡಿಸ್ಕಿನ ದಾಖಲೆಯನ್ನೂ ಓದಿ ಬರೆದುಕೊಂಡೆ. ಮೂರರ ಈವೆಂಟ್ ಸಂಖ್ಯೆ ಒಂದೇ ಇತ್ತು. ಆಮೇಲೆ 'ಅಸೆಂಬಲ್', 'ಫೋರ್ಸ್' ಕೊಟ್ಟೆ. ನೀನು ಎದ್ದೆ. ಬರೆಯಲು ಬಿಡದೆ, ಓದಲು ಮಾತ್ರ ತೆರೆದು, ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ಇಳಿಸಿಕೊಂಡೆ.

ಬೂಟ್ ಡಿಸ್ಕಿನಲ್ಲಿ ಉಳಿದಿದ್ದ ಲಾಗ್ ಓದಿದ್ದು ಆ ರಾತ್ರಿ. 120 ಸೆಕೆಂಡಿನ ದೂರಿಗಿಂತ ಮೇಲೆ, ಒಂದೇ ಡಿಸ್ಕಿನ ಲಿಂಕನ್ನು ಮತ್ತೆ ಮತ್ತೆ ರೀಸೆಟ್ ಮಾಡಿದ ಸಾಲುಗಳಿದ್ದವು. ಬೆಳಗ್ಗೆಯೇ ನಾಲ್ಕು ಬೆರಳಿನಷ್ಟು ಮೇಲಕ್ಕೆ ಸರಿಸಿದ್ದರೆ ಕಾಣುತ್ತಿತ್ತು. ನಡೆದದ್ದಿಷ್ಟು. ಪಿರಿಯಾಪಟ್ಟಣದ ಡಿಸ್ಕು ಮನೆಬಳಕೆಯದು. ಕೆಟ್ಟ ಸೆಕ್ಟರ್ ಸಿಕ್ಕರೆ ಅಂಥ ಡಿಸ್ಕು ಎರಡು ನಿಮಿಷಕ್ಕೂ ಮೀರಿ ಒಳಗೊಳಗೇ ಹೆಣಗಬಹುದು. ಕರ್ನೆಲ್ಲಿನ ತಾಳ್ಮೆ 30 ಸೆಕೆಂಡು. ಅಷ್ಟರಲ್ಲಿ ಉತ್ತರ ಬಾರದಿದ್ದರೆ ರೀಸೆಟ್, ಮತ್ತೆ ಅದೇ ಪ್ರಶ್ನೆ. ಡಿಸ್ಕು ಬಾಯಿಬಿಟ್ಟು 'ಆಗಲಿಲ್ಲ' ಎಂದಿದ್ದರೆ ಉಳಿದ ಮೂರರಿಂದ ಲೆಕ್ಕ ಹಾಕಿ ನೀನು ಕ್ಷಣದಲ್ಲಿ ಕೊಡುತ್ತಿದ್ದೆ. ಅದು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಸತ್ತ ಡಿಸ್ಕನ್ನು ನಿಭಾಯಿಸಬಲ್ಲ ನಿನಗೆ ಈ ಮೌನವೇ ಕಷ್ಟವಾಯಿತು.

ಮದ್ದು ಚಿಕ್ಕದು. ಒಪ್ಪುವ ಡಿಸ್ಕಿಗೆ ಸ್ಮಾರ್ಟ್‌ಸಿಟಿಎಲ್ ಮೂಲಕ 70 ಎಂದು ಹೇಳಿಕೊಡಬೇಕು; ಅಂದರೆ 7 ಸೆಕೆಂಡಿನಲ್ಲಿ ಕೈಚೆಲ್ಲು ಎಂದು. ಒಪ್ಪದ ಡಿಸ್ಕಾದರೆ ಕರ್ನೆಲ್ಲಿನ ತಾಳ್ಮೆಯನ್ನು 180 ಸೆಕೆಂಡಿಗೆ ಏರಿಸಬೇಕು. ಎರಡನ್ನೂ ಪ್ರತಿ ಬೂಟಿನಲ್ಲಿ ಮತ್ತೆ ಹೇಳಬೇಕು. ಸಿಕ್ಕಿಕೊಂಡಾಗ ಸಿಸ್‌ರಿಕ್ವೆಸ್ಟಿನ 'ಡಬ್ಲ್ಯು' ಕೊಟ್ಟರೆ, ತಡೆದು ನಿಂತ ಪ್ರತಿಯೊಂದು ಕೆಲಸವೂ ಕೋಡಿನಲ್ಲಿ ಎಲ್ಲಿ ನಿಂತಿದೆ ಎಂದು ಸಾಲಾಗಿ ಬರುತ್ತದೆ. ಅದನ್ನು ಓದುವ ಮುನ್ನ ಪ್ಲಗ್ಗಿನ ಕಡೆ ಕೈ ಹೋಗಬಾರದು.

ನಿನ್ನಲ್ಲೂ ತಪ್ಪಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. 2024ರ ಆರಂಭದಲ್ಲಿ, 6.7ರ ಕರ್ನೆಲ್ಲಿನಲ್ಲಿ ನೀನು ಪೂರ್ತಿ ಪ್ರೊಸೆಸರ್ ತಿನ್ನುತ್ತಾ ಸುತ್ತುತ್ತಿದ್ದೆ, ಬರಹ ಮಾತ್ರ ಒಂದಿಂಚೂ ಸರಿಯುತ್ತಿರಲಿಲ್ಲ. ಆ ಗಂಟಿಗೆ ಮೊದಲು ಹಾಕಿದ್ದ ಪರಿಹಾರದಲ್ಲಿ ಇನ್ನೊಂದು ಗಂಟಿತ್ತು: ಒಂದು ಗುರುತು ಅಳಿಯಲಿ ಎಂದು ನೀನು ಕಾಯುತ್ತಿದ್ದೆ, ಅದನ್ನು ಅಳಿಸಬೇಕಾದವನೂ ನೀನೇ. ಆ ಆವೃತ್ತಿ ನಮ್ಮ ಪೆಟ್ಟಿಗೆಗೆ ಬಂದಿರಲಿಲ್ಲ.

ತಿಥಿಗೆ ಮೂರು ದಿನ ಮುಂಚೆ ಪೇಟದ ಫೋಟೋ ಸಿಕ್ಕಿತು. ಪ್ರಿಂಟ್ ಹಾಕಿ, ಹೊಸ ಫ್ರೇಮಿನಲ್ಲಿ ಕೂಡಿಸಿ, ನಾನೇ ಬೈಕಿನಲ್ಲಿ ಒಯ್ದುಕೊಟ್ಟೆ. ಅಜ್ಜಿ ಸೆರಗಿನಿಂದ ಗಾಜು ಒರೆಸಿ, ಹಳೆಯ ಫ್ರೇಮನ್ನು ಗೋಡೆಯಿಂದ ಇಳಿಸಿದರು.

ಹೊಸ ಡಿಸ್ಕು ಹಾಕಿಯಾಗಿದೆ. ಅಣ್ಣ ಅದಕ್ಕೂ ಪಿರಿಯಾಪಟ್ಟಣ ಎಂದು ಬರೆದು ಅಂಟಿಸಿದ್ದಾರೆ. ತಿಂಗಳ ಮೊದಲ ಭಾನುವಾರದ ಡಿಸ್ಕು ತಪಾಸಣೆಯನ್ನು ಇನ್ನು ಮೇಲೆ ಬಿಡದೆ ನಡೆಸುತ್ತೇನೆ. ಯುಪಿಎಸ್ ಬ್ಯಾಟರಿಯನ್ನೂ ಬದಲಿಸಿದ್ದೇನೆ.

ಇಂತಿ ನಿನ್ನ,
ಸ್ವಿಚ್ಚು ತೆಗೆದವನು