ರಿಷಿಮೂಲ, ನದಿಮೂಲ

ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯ ಮೇಲೆ ಬೆಳಿಗ್ಗೆ ಆರೂವರೆಗೆ ನಡೆಯುವ ನಮ್ಮ ಬಳಗದಲ್ಲಿ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಇದ್ದಾರೆ. ಹೆಸರು ಬೇಡ, ಸಾಹೇಬರು ಅಂದರೆ ಸಾಕು. 2022ರ ದೀಪಾವಳಿಯಲ್ಲಿ ರಿಷಿ ಸುನಕ್ ಬ್ರಿಟನ್ನಿನ ಪ್ರಧಾನಿಯಾಗುವುದು ಖಾತ್ರಿಯಾದಾಗ ಅವರು ವಾಕಿಂಗಿಗೆ ಬಂದದ್ದು ಅರ್ಧ ಕಿಲೋ ಧಾರವಾಡ ಪೇಢೆಯೊಂದಿಗೆ. "ತಗೋರಿ, ನಮ್ಮ ಅಳಿಯಾ ಪ್ರಧಾನಮಂತ್ರಿ ಆದ್ರು!" ಸುನಕ್ ಅವರ ಪತ್ನಿ ಅಕ್ಷತಾ ಮೂರ್ತಿ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಹಾಗಾಗಿ ಆ ಬೆಳಿಗ್ಗೆ ಇಡೀ ಹುಬ್ಬಳ್ಳಿಯೇ ಮಾವನ ಮನೆ. ಪುಣೆಯಲ್ಲಿರುವ ಸ್ವಂತ ಅಳಿಯ ಹಬ್ಬಕ್ಕೆ ಬರಲಿಲ್ಲವೆಂದು ಹಿಂದಿನ ದಿನವಷ್ಟೇ ಕುದಿಯುತ್ತಿದ್ದ ಸಾಹೇಬರು ಅದನ್ನೂ ಮರೆತಿದ್ದರು.

2024ರ ಜುಲೈನಲ್ಲಿ ಅಳಿಯ ಸೋತರು, ಪೇಢೆ ನಿಂತಿತು. ನಮ್ಮವರೇ ಮೇಲು ಎಂಬ ಲೆಕ್ಕ ಮಾತ್ರ ನಿಲ್ಲಲಿಲ್ಲ. ಸಾಹೇಬರು ಬ್ಯಾಂಕಿನವರಲ್ಲವೇ, ಬಾಯಿಮಾತು ಅವರಿಗೆ ಹಿಡಿಸುವುದಿಲ್ಲ. ಮೊಬೈಲು ಚಾಚಿದರು. ಬ್ರಿಟನ್ನಿನ ಸರ್ಕಾರಿ ಅಂಕಿಅಂಶ ಕಚೇರಿಯ 2018ರ ಲೆಕ್ಕ: ಭಾರತೀಯ ಮೂಲದವರ ಮಧ್ಯಮ ಸಂಬಳ ಗಂಟೆಗೆ 13.47 ಪೌಂಡು, ಪಾಕಿಸ್ತಾನಿ ಮೂಲದವರದ್ದು 10 ಪೌಂಡು. ಬಿಳಿಯ ಬ್ರಿಟಿಷರದ್ದೇ 12.03. ಸ್ವಂತ ಮನೆ ಇರುವ ಕುಟುಂಬಗಳು ನಮ್ಮಲ್ಲಿ ನೂರಕ್ಕೆ 74, ಅವರಲ್ಲಿ 58.

"ಒಂದ ಮಣ್ಣು, ಒಂದ ನೀರು, ಸ್ವಾತಂತ್ರ್ಯ ಬಂದದ್ದೂ ಒಂದ ವರ್ಷ. ನೋಡ್ರಿ, ನಮ್ಮವರು ಎಲ್ಲಿಗೆ ಮುಟ್ಯಾರ! ಅವರು ಇನ್ನೂ ಟ್ಯಾಕ್ಸಿ ಹೊಡ್ಕೊಂತ ಕುಂತಾರ. ಇದಕ್ಕ ಸಂಸ್ಕಾರ ಅಂತಾರ್ರೀ."

ಅಂಕಿಗಳು ಸರಿಯಾಗಿಯೇ ಇದ್ದವು. ಸುಳ್ಳು ಅಂಕಿಯನ್ನಾದರೆ ಹರಿದು ಬಿಸಾಡಬಹುದು, ನಿಜವಾದ ಅಂಕಿಯ ಜೊತೆ ಕೆರೆ ಸುತ್ತಬೇಕಾಗುತ್ತದೆ.

ಋಷಿಮೂಲ, ನದಿಮೂಲ ಕೇಳಬಾರದು ಅಂತ ಹಿರಿಯರು ಹೇಳಿ ಹೋಗಿದ್ದಾರೆ. ನಾನು ಎರಡನ್ನೂ ಕೇಳಿಬಿಟ್ಟೆ. ತಪ್ಪು ನನ್ನದೇ.

ಮೊದಲು ರಿಷಿಮೂಲ. ಸುನಕ್ ಅವರ ಅಪ್ಪ ಹುಟ್ಟಿದ್ದು ಕೀನ್ಯಾದಲ್ಲಿ, ಅಮ್ಮ ಹುಟ್ಟಿದ್ದು ಇಂದಿನ ಟಾಂಜಾನಿಯಾದಲ್ಲಿ. ತಂದೆಯ ತಂದೆ 1930ರ ದಶಕದಲ್ಲಿ ನೈರೋಬಿಗೆ ಹಡಗು ಹತ್ತಿದವರು. ಅವರ ಊರು ಗುಜ್ರಾನ್‌ವಾಲಾ. ಅದು ಎಲ್ಲಿದೆ ಅಂತ ಸಾಹೇಬರನ್ನು ಕೇಳಿದೆ. "ಪಂಜಾಬ್‌ದಾಗ" ಅಂದರು, ಬಲು ಆತ್ಮವಿಶ್ವಾಸದಿಂದ. ಪಂಜಾಬೇ, ಆದರೆ ಲಾಹೋರಿನ ಉತ್ತರಕ್ಕಿರುವ ಪಂಜಾಬು. ಪೇಢೆ ಹಂಚಿದ ದಿನ ಪಾಕಿಸ್ತಾನದ ಕೆಲವರೂ "ನಮ್ಮ ಹುಡುಗ" ಅಂತ ಟ್ವೀಟು ಮಾಡಿದ್ದು ಈ ಲೆಕ್ಕದ ಮೇಲೆಯೇ. ಅವರು ಅಜ್ಜನ ಊರಿನ ಹಕ್ಕು ಹೂಡಿದರು, ನಾವು ಹೆಣ್ಣು ಕೊಟ್ಟ ಹಕ್ಕು.

ಸಾಹೇಬರು ಸೋಲುವವರಲ್ಲ. "ಹಿಂದುಜಾ ಅದಾರಲ್ರೀ!" ಅಂದರು. ಇದ್ದಾರೆ, ಬ್ರಿಟನ್ನಿನ ಶ್ರೀಮಂತರ ಪಟ್ಟಿಯಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿದ್ದ ಕುಟುಂಬ. ಮೂಲಪುರುಷ ಸಿಂಧ್‌ನ ಶಿಕಾರ್‌ಪುರದವರು. (ನಮ್ಮ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಅಲ್ಲ. ಸಾಹೇಬರ ಮುಖದಲ್ಲಿ ಒಂದು ಕ್ಷಣ ಆಸೆ ಮೂಡಿದ್ದರಿಂದ ಹೇಳಬೇಕಾಯಿತು.) ಸಿಂಧ್ ಈಗ ಎಲ್ಲಿದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇನ್ನು ಆ ಕಡೆಯ ಲಂಡನ್ ಮೇಯರ್ ಸಾದಿಕ್ ಖಾನ್, ಪಾಕಿಸ್ತಾನಿ ಮೂಲದ ಬಸ್ ಡ್ರೈವರನ ಮಗ. ಅವರ ಅಜ್ಜ-ಅಜ್ಜಿ ದೇಶವಿಭಜನೆಯಲ್ಲಿ ಗಡಿ ದಾಟಿದವರು, ಮೊದಲು ಇದ್ದದ್ದು ಲಖನೌದಲ್ಲಿ. ಅಂದರೆ ಅಜ್ಜಂದಿರ ಊರಿನ ಮೇಲೆ ಲೆಕ್ಕ ಬರೆದರೆ ನಮ್ಮ ಖಾತೆಯ ಇಬ್ಬರು ದೊಡ್ಡ ಆಸಾಮಿಗಳು ಆ ಖಾತೆಗೆ ವರ್ಗವಾಗುತ್ತಾರೆ, ಬಸ್ ಡ್ರೈವರನ ಮಗ ಈ ಖಾತೆಗೆ ಜಮೆಯಾಗುತ್ತಾನೆ. ಸಾಹೇಬರು ಕೆರೆಯ ಅರ್ಧ ಸುತ್ತು ಮಾತಾಡಲಿಲ್ಲ. ಮೂವತ್ತೈದು ವರ್ಷ ಬ್ಯಾಲೆನ್ಸ್ ಶೀಟು ತಾಳೆ ಹಾಕಿದ ಮನುಷ್ಯನಿಗೆ ಇಂಥದ್ದು ನೋವಾಗುತ್ತದೆ.

ಅಷ್ಟಕ್ಕೂ ಬ್ರಿಟನ್ನಿನ ಜನಗಣತಿ ಜನಾಂಗದ ಪ್ರಶ್ನೆ ಕೇಳತೊಡಗಿದ್ದೇ 1991ರಲ್ಲಿ. ಇಂಡಿಯನ್‌ಗೊಂದು ಚೌಕ, ಪಾಕಿಸ್ತಾನಿಗೊಂದು ಚೌಕ, ಬಾಂಗ್ಲಾದೇಶಿಗೊಂದು. ಅಲ್ಲಿಯತನಕ ಗಲ್ಲಿಯ ಹುಡುಗರು ಎಲ್ಲರನ್ನೂ ಒಂದೇ ಬೈಗುಳದಿಂದ ಅಟ್ಟಿಸಿಕೊಂಡು ಹೋಗುತ್ತಿದ್ದರು. 'ಪಾಕಿ' ಅಂತ ಕಲ್ಲು ಬೀರುವವನು ಮೊದಲು ಗುಜರಾತಿಯೋ ಸಿಖ್ಖನೋ ಎಂದು ವಿಚಾರಿಸಿದ್ದು ನಾನಂತೂ ಕೇಳಿಲ್ಲ. ಊಟದ ವಿಷಯದಲ್ಲಿ ಇದರ ಉಲ್ಟಾ: ಅಲ್ಲಿ ಎಲ್ಲವೂ 'ಇಂಡಿಯನ್ ರೆಸ್ಟೊರೆಂಟ್'. ಅವುಗಳಲ್ಲಿ ಬಹುಪಾಲು ನಡೆಸುವವರು ಬಾಂಗ್ಲಾದೇಶದ ಸಿಲ್ಹೆಟ್ಟಿನವರು. ಬೈಗುಳ ಅವರ ಹೆಸರಲ್ಲಿ ನಮಗೆ, ಸಾರು ನಮ್ಮ ಹೆಸರಲ್ಲಿ ಇನ್ನೊಬ್ಬರಿಗೆ.

ಸರಿ, ಸಂಸ್ಕಾರಕ್ಕೆ ಬರೋಣ. ಸುನಕ್ ಮನೆತನದಂತೆ ಆಫ್ರಿಕಾ ಸುತ್ತಿ ಬಂದವರನ್ನೇ ನೋಡಿ. ಪೂರ್ವ ಆಫ್ರಿಕಾದಲ್ಲಿ ಗುಜರಾತಿಗಳಿಗೂ ಪಂಜಾಬಿಗಳಿಗೂ ಬ್ರಿಟಿಷರು ಕೊಟ್ಟಿದ್ದ ಜಾಗ ನಡುಮಾಳಿಗೆ. ಮೇಲೆ ಬಿಳಿಯರು, ಕೆಳಗೆ ಆಫ್ರಿಕನ್ನರು, ನಡುವೆ ಅಂಗಡಿ, ಗುಮಾಸ್ತಿಕೆ, ರೈಲ್ವೆ ನೌಕರಿ. ಮೂರು ತಲೆಮಾರು ಅಲ್ಲಿ ಕೂತು ಇಂಗ್ಲಿಷು, ಲೆಕ್ಕದ ಪುಸ್ತಕ, ಕಚೇರಿಯ ರೀತಿರಿವಾಜು ಎಲ್ಲ ಕಲಿತರು. 1972ರ ಆಗಸ್ಟಿನಲ್ಲಿ ಈದಿ ಅಮೀನ್ ಉಗಾಂಡಾದಿಂದ ತೊಂಬತ್ತು ದಿನದಲ್ಲಿ ಜಾಗ ಖಾಲಿ ಮಾಡಿ ಅಂದಾಗ ಅಂಗಡಿ ಹೋಯಿತು, ಮನೆ ಹೋಯಿತು. ಅಂಗಡಿ ನಡೆಸುವ ವಿದ್ಯೆಯನ್ನು ವಿಮಾನ ನಿಲ್ದಾಣದಲ್ಲಿ ಕಸಿದುಕೊಳ್ಳುವ ವ್ಯವಸ್ಥೆ ಅಮೀನನ ಸೈನಿಕರ ಹತ್ತಿರ ಇರಲಿಲ್ಲ. ಸುಮಾರು 28 ಸಾವಿರ ಜನ ಬ್ರಿಟನ್ನಿಗೆ ಬಂದರು. ಲೆಸ್ಟರ್ ನಗರಸಭೆ 'ಉಗಾಂಡಾ ಆರ್ಗಸ್' ಪತ್ರಿಕೆಗೆ ದುಡ್ಡು ಕೊಟ್ಟು ಜಾಹೀರಾತು ಹಾಕಿಸಿತ್ತು: ದಯವಿಟ್ಟು ನಮ್ಮೂರಿಗೆ ಬರಬೇಡಿ, ಜಾಗವಿಲ್ಲ. ಲೆಸ್ಟರ್ ಅನ್ನುವ ಊರಿದೆ ಎಂದು ಎಷ್ಟೋ ಜನಕ್ಕೆ ಗೊತ್ತಾದದ್ದೇ ಆ ಜಾಹೀರಾತಿನಿಂದ ಎಂಬ ಮಾತಿದೆ. ಈಗ ಅದೇ ಊರು ದೀಪಾವಳಿಗೆ ರಸ್ತೆತುಂಬ ದೀಪ ಕಟ್ಟಿ, ನಮ್ಮ ಹಬ್ಬಕ್ಕೆ ಬನ್ನಿ ಎಂದು ಕರೆಯುತ್ತದೆ.

ಆಫ್ರಿಕಾದಿಂದ ಬಂದವರೆಲ್ಲ ನೇರ ಕ್ಯಾಶ್ ಕೌಂಟರಿನ ಹಿಂದೆ ಕೂರಲಿಲ್ಲ. ಜಯಾಬೆನ್ ದೇಸಾಯಿ ಅಂತ ಒಬ್ಬಾಕೆ, ಟಾಂಜಾನಿಯಾದಲ್ಲಿ ಸಂಸಾರ ಮಾಡಿಕೊಂಡಿದ್ದ ಗುಜರಾತಿ ಗೃಹಿಣಿ. ಲಂಡನ್ನಿಗೆ ಬಂದು ಗ್ರನ್‌ವಿಕ್ ಎಂಬ ಫೋಟೊ ತೊಳೆಯುವ ಕಾರ್ಖಾನೆ ಸೇರಿದರು. ಕಡಿಮೆ ಕೂಲಿ, ಹೆಚ್ಚುವರಿ ಪಾಳಿಯ ಕಡ್ಡಾಯ. 1976ರ ಬೇಸಿಗೆಯಲ್ಲಿ ಹೊರನಡೆದು, ಸೀರೆಯ ಮೇಲೆ ಕೋಟು ತೊಟ್ಟು, ಎರಡು ವರ್ಷ ಗೇಟಿನ ಮುಂದೆ ಮುಷ್ಕರ ಹೂಡಿದರು. ಗೇಟಿನ ಒಳಗಿದ್ದ ಮಾಲೀಕ ಹುಟ್ಟಿದ್ದು ದೆಹಲಿಯಲ್ಲಿ, ಆಂಗ್ಲೋ ಇಂಡಿಯನ್. ಸಾಹೇಬರ ಕೋಷ್ಟಕದಲ್ಲಿ ಇಬ್ಬರೂ 'ನಮ್ಮವರೇ'. ಮುಷ್ಕರ ಸೋತಿತು. ಯಾವ ಸಂಸ್ಕಾರ ಗೆದ್ದಿತು ಎಂದು ಕೇಳಬೇಕೆನಿಸಿತು, ಅವರಿಗೆ ರಕ್ತದೊತ್ತಡವಿದೆ ಎಂದು ಬಿಟ್ಟೆ.

ಈಗ ನದಿಮೂಲ. ಬ್ರಿಟನ್ನಿನ ಪಾಕಿಸ್ತಾನಿಗಳಲ್ಲಿ ದೊಡ್ಡ ಪಾಲು ಮೀರ್‌ಪುರದವರು. ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದ ಒಂದು ಮೂಲೆ ಅದು. ಅವರಲ್ಲಿ ಎಷ್ಟೋ ಜನ ತಮ್ಮನ್ನು ಪಾಕಿಸ್ತಾನಿ ಅಂತ ಬರೆಯಬೇಡಿ, ಕಾಶ್ಮೀರಿ ಅಂತ ಬೇರೆ ಚೌಕ ಕೊಡಿ ಎಂದು ಜನಗಣತಿಯವರಿಗೆ ದುಂಬಾಲು ಬಿದ್ದಿದ್ದಾರೆ. 1960ರಲ್ಲಿ ಸಿಂಧೂ ನದಿನೀರಿನ ಒಪ್ಪಂದವಾಯಿತು, ಝೇಲಂ ನದಿಗೆ ಮಂಗ್ಲಾ ಅಣೆಕಟ್ಟು ಬಂತು, 1967ಕ್ಕೆ ಕೆಲಸ ಮುಗಿಯಿತು. ಮೀರ್‌ಪುರ ಪಟ್ಟಣ, ಅದರ ಜೊತೆ ಇನ್ನೂರೆಂಬತ್ತರಷ್ಟು ಹಳ್ಳಿ ನೀರಿನ ಕೆಳಗೆ. ಒಂದು ಲಕ್ಷಕ್ಕೂ ಹೆಚ್ಚು ಜನ ಎದ್ದು ಹೋಗಬೇಕಾಯಿತು. ಹೊಲ ಕಳೆದುಕೊಂಡ ರೈತನಿಗೆ ಬ್ರಿಟನ್ ಕೆಲಸದ ವೋಚರು ತೋರಿಸಿತು. ಮೊದಲೇ ಅಲ್ಲಿ ಸೇರಿಕೊಂಡಿದ್ದ ಬಂಧು ಬಳಗ ಉಳಿದವರನ್ನೂ ಎಳೆದುಕೊಂಡಿತು. ಚಳಿಗಾಲದಲ್ಲಿ ಮಂಗ್ಲಾದ ನೀರು ಇಳಿದರೆ ಹಳೆಯ ಊರಿನ ದರ್ಗಾ, ಮಂದಿರ, ಗುರುದ್ವಾರಗಳು ಕೆಸರಿನಿಂದ ತಲೆ ಎತ್ತುತ್ತವೆ. ಜನ ಹೋಗಿ ನೋಡಿ ಬರುತ್ತಾರೆ.

ಇದನ್ನು ಸಾಗರ, ಹೊಸನಗರದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಶರಾವತಿಯ ಲಿಂಗನಮಕ್ಕಿ ಜಲಾಶಯದಲ್ಲಿ ನೀರು ತಳ ಕಂಡಾಗ ಹಳೆಯ ಮಡೆನೂರು ಅಣೆಕಟ್ಟು ಎದ್ದು ನಿಲ್ಲುತ್ತದಲ್ಲ, ಹಾಗೆ. ಎರಡೂ ಕಡೆ ಅದೇ ದಶಕ, ಅದೇ ಕರೆಂಟಿನ ಕನಸು. ಶರಾವತಿ ಮುಳುಗಡೆಯವರಿಗೆ ಬ್ರಿಟನ್ನಿನ ವೋಚರು ಸಿಗಲಿಲ್ಲ, ಕಾಡಿನ ತುಂಡು ಸಿಕ್ಕಿತು. ಅದಕ್ಕೆ ಹಕ್ಕುಪತ್ರ ಕೊಡಿ ಎಂದು ಅವರ ಮೊಮ್ಮಕ್ಕಳು ಈಗಲೂ ಕಚೇರಿ ಅಲೆಯುತ್ತಿದ್ದಾರೆ. ಅವರು ಹಿಂದುಳಿದದ್ದಕ್ಕೆ ಸಂಸ್ಕಾರ ಕಾರಣ ಎಂದು ಹೇಳುವ ಧೈರ್ಯ ನಮ್ಮ ಯಾವ ವಾಕಿಂಗ್ ಬಳಗಕ್ಕೂ ಇಲ್ಲ.

ಮೀರ್‌ಪುರದ ರೈತ ಬಂದಿಳಿದದ್ದು ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಉಣ್ಣೆ ಗಿರಣಿಗೆ. ಬಿಳಿಯ ಕಾರ್ಮಿಕರು ಒಲ್ಲೆ ಎಂದ ರಾತ್ರಿಪಾಳಿ ಅವನಿಗೆ. ಕತ್ತಲ ಸಾಲುಮನೆಯೊಂದರಲ್ಲಿ ಹತ್ತಾರು ಗಂಡಸರು, ಮಂಚಗಳು ಕಮ್ಮಿ. ಹಗಲುಪಾಳಿಯವನು ಎದ್ದು ಹೋದ ಹಾಸಿಗೆಗೆ ರಾತ್ರಿಪಾಳಿಯವನು ಬಂದು ಬೀಳುತ್ತಿದ್ದ, ಕಂಬಳಿ ಆರುತ್ತಲೇ ಇರಲಿಲ್ಲ. ಮುಂದೆ ಎಪ್ಪತ್ತು, ಎಂಬತ್ತರ ದಶಕದಲ್ಲಿ ಗಿರಣಿಗಳೇ ಆರಿಹೋದವು. ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಯಂತ್ರದ ಮುಂದೆ ನಿಂತವನಿಗೆ ಇಂಗ್ಲಿಷು ಕಲಿಸುವವರು ಯಾರು? ಟ್ಯಾಕ್ಸಿ ಹಿಡಿದ.

ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯಲ್ಲಿ ಆದದ್ದೇನು? ಗಿರಣಿ ಮುಚ್ಚಿದ ಮೇಲೆ ಕಾರ್ಮಿಕರ ಮಕ್ಕಳು ಆಟೋ ಹತ್ತಿದರು, ಕೆಲವರು ಬೆಣ್ಣೆದೋಸೆಯ ಹಂಚು ಹಿಡಿದರು. ನಾವು ದೋಸೆ ತಿಂದು ಹೊಗಳಿದೆವು. ಸಂಸ್ಕಾರದ ಮಾತು ಬರಲಿಲ್ಲ.

"ಆತು ಬಿಡ್ರಿ, ಹಳೇ ಮಾತು. ಈಗಿನ ನಮ್ಮ ಹುಡುಗರು ನೋಡ್ರಿ, ಎಲ್ಲಾ ಡಾಕ್ಟರ್, ಎಂಜಿನಿಯರ್" ಅಂದರು ಸಾಹೇಬರು. ನಿಜ. ಬ್ರಿಟನ್ನಿನ ವೀಸಾ ಕಚೇರಿ ಮೊರ ಹಿಡಿದು ಕೂತಿದೆ. ಪದವಿ ನೋಡಿ, ಸಂಬಳ ನೋಡಿ, ಇಂಗ್ಲಿಷು ನೋಡಿ, ಕೇರಿ, ನುಚ್ಚೆಲ್ಲ ಇಲ್ಲೇ ಬಿಟ್ಟು ಇಡೀ ಕಾಳನ್ನಷ್ಟೇ ಒಯ್ಯುತ್ತದೆ. ಆಮೇಲೆ ನಾವು ಅಲ್ಲಿ ಹೋಗಿ ಅನ್ನ ಉಂಡು, 'ನಮ್ಮ ಹೊಲದಾಗ ನುಚ್ಚ ಬೆಳೆಯೂದಿಲ್ಲ ನೋಡ್ರಿ' ಅಂತ ಮೀಸೆ ತಿರುವುತ್ತೇವೆ. 1962ರಲ್ಲಿ ಬ್ರಾಡ್‌ಫರ್ಡಿಗೆ ಗುಳೆ ಹೋದದ್ದು ರಾಯಚೂರು, ಯಾದಗಿರಿ ಕಡೆಯ ಮಂದಿಯಾಗಿದ್ದರೆ ಇವತ್ತು ಈ ಅಂಕಿಗಳು ಹೇಗಿರುತ್ತಿದ್ದವು, ಲಾಹೋರಿನ ಯಾವುದೋ ಕೆರೆ ದಂಡೆಯ ಮೇಲೆ ಯಾವ ನಿವೃತ್ತ ಮ್ಯಾನೇಜರ್ ಯಾರಿಗೆ ಮೊಬೈಲು ತೋರಿಸುತ್ತಿದ್ದ?

ಮೊರಕ್ಕೆ ಸಿಗದ ಕಾಳೂ ಮೇಲೇಳುತ್ತದೆ, ಆ ಕಡೆಯವರಲ್ಲೂ. ಬ್ರಾಡ್‌ಫರ್ಡಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ಅನ್ವರ್ ಪರ್ವೇಜ್ ಮುಂದೆ ಬೆಸ್ಟ್‌ವೇ ಎಂಬ ಸಗಟು ಸಾಮ್ರಾಜ್ಯ ಕಟ್ಟಿದರು. ರಾಚ್‌ಡೇಲಿನ ಬಸ್ ಡ್ರೈವರನ ಮಗ ಸಾಜಿದ್ ಜಾವಿದ್ ಹಣಕಾಸು ಸಚಿವರಾದರು. ಅವರ ಕೈಕೆಳಗೆ ಸಹಾಯಕ ಮಂತ್ರಿಯಾಗಿ ಕೆಲಸ ಮಾಡಿದವರಲ್ಲಿ ಒಬ್ಬರು ಹುಬ್ಬಳ್ಳಿಯ ಅಳಿಯ. ಆ ದಿನಗಳಲ್ಲಿ ಸಾಹೇಬರು ಪೇಢೆ ತಂದಿರಲಿಲ್ಲ.

ಥೇಮ್ಸ್ ದಂಡೆಯಲ್ಲಿ ಬಸವಣ್ಣನ ಪ್ರತಿಮೆ ಇದೆ, 2015ರಲ್ಲಿ ನಮ್ಮ ಪ್ರಧಾನಿಯೇ ಅನಾವರಣ ಮಾಡಿದ್ದು. ಸಾಹೇಬರು ಮಗನ ಮನೆಗೆ ಹೋದಾಗ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದಾರೆ, ವಾಟ್ಸಾಪಿನಲ್ಲಿ ಈಗಲೂ ಅದೇ ಮುಖಚಿತ್ರ. ಬಂದವನ ಮೂಲ ವಿಚಾರಿಸಬೇಡಿರೆಂದ ಮನುಷ್ಯ ಹಿಂದೆ ನಿಂತಿದ್ದಾನೆ. ಮುಂದೆ ನಿಂತವರ ಮೊಬೈಲಿನಲ್ಲಿ ಬಂದವರ ಮೂಲವಾರು ಕೋಷ್ಟಕ.

ಒಂದು ಕಸುಬಿನಲ್ಲಿ ಮಾತ್ರ ಎರಡೂ ಸಮುದಾಯಗಳು ಸರಿಸಮ ಬಂದು ನಿಂತಿವೆ, ಬಾಗಿಲು ಹಾಕುವುದರಲ್ಲಿ. ಉಗಾಂಡಾದಿಂದ ಬಂದ ಗುಜರಾತಿಗಳ ಮಗಳು ಪ್ರೀತಿ ಪಟೇಲ್ ಗೃಹ ಸಚಿವೆಯಾಗಿದ್ದಾಗ 2020ರಲ್ಲಿ ವಲಸೆಗೆ ಅಂಕಪದ್ಧತಿಯ ನಿಯಮ ತಂದರು. ಈ ನಿಯಮ ಆಗಲೇ ಇದ್ದಿದ್ದರೆ ನಿಮ್ಮ ಅಪ್ಪ-ಅಮ್ಮನಿಗೆ ಪ್ರವೇಶ ಸಿಗುತ್ತಿತ್ತೇ ಎಂದು ಕೇಳಿದರೆ, ಸಿಗದೇ ಹೋಗಬಹುದಿತ್ತು ಎಂದು ಆಕೆಯೇ ಒಪ್ಪಿಕೊಂಡರು. ಆಮೇಲೆ ಅದೇ ಕುರ್ಚಿಗೆ ಬಂದ ಸುಯೆಲ್ಲಾ ಬ್ರೇವರ್‌ಮನ್ ಅವರ ತಂದೆ-ತಾಯಿಯೂ ಕೀನ್ಯಾ, ಮಾರಿಷಸ್‌ಗಳಿಂದ ಬಂದ ಭಾರತೀಯ ಮೂಲದವರೇ. 2025ರ ಸೆಪ್ಟೆಂಬರಿನಲ್ಲಿ ಆ ಕೀಲಿಕೈ ಶಬಾನಾ ಮಹ್ಮೂದ್ ಅವರ ಕೈಗೆ ಬಂತು. ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದವರು, ಮನೆತನ ಮೀರ್‌ಪುರದ್ದು. ಕೆಲಸದ ವೀಸಾದ ಮೇಲೆ ಹೋದವರಿಗೆ ಐದು ವರ್ಷಕ್ಕೆ ಸಿಗುತ್ತಿದ್ದ ಕಾಯಂ ವಾಸದ ಹಕ್ಕನ್ನು ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾವ ಆ ವರ್ಷದ ಮೇ ತಿಂಗಳಲ್ಲೇ ಹೊರಬಿದ್ದಿತ್ತು. ಅದನ್ನು ಮುಂದಕ್ಕೆ ಒಯ್ಯುವ ಹೊಣೆಯೂ ಇವರ ಮೇಜಿಗೇ ಬಂತು.

ಸಾಹೇಬರ ಮಗ ಲಂಡನ್ ಪಕ್ಕದ ರೆಡಿಂಗಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಹೋಗಿ ನಾಲ್ಕು ವರ್ಷ ಆಯಿತು. ಮನೆ ನೋಡಿಟ್ಟು, ಐದು ವರ್ಷ ಆದ ಕೂಡಲೇ ಸಾಲ ಮಾಡುವ ಅಂದಾಜಿನಲ್ಲಿದ್ದ. ಮೊನ್ನೆ ಸಾಹೇಬರು ವಾಕಿಂಗಿಗೆ ತಡವಾಗಿ ಬಂದರು, ಅಂಕಿಅಂಶದ ಸುದ್ದಿ ಎತ್ತಲಿಲ್ಲ. ಎರಡನೇ ಸುತ್ತಿನಲ್ಲಿ ತಾವಾಗಿಯೇ ಕೇಳಿದರು:

"ಆ ಮೀರ್‌ಪುರದ ಹೆಣ್ಣಮಗಳು... ಆಕಿ ಮನ್ಯಾಗ ಯಾರ್‍ದರ ಪರಿಚಯ ಸಿಗಬಹುದೇನ್ರೀ?"