ಭಾರವಾಹಕಾಸ್ತಿತ್ವ ಮೀಮಾಂಸೆ

ಹಿಮಾಲಯದ ಹಳೆಯ ಛಾಯಾಚಿತ್ರಗಳ ಮಾತೆತ್ತಿದೊಡನೆ ಬಲ್ಲವರೆಲ್ಲರೂ ಸ್ಯಾಮ್ಯುಯೆಲ್ ಬೋರ್ನ್ ಸಾಹೇಬರ ಹೆಸರನ್ನು ಹೇಳುತ್ತಾರೆ. ನಾಟಿಂಗ್‌ಹ್ಯಾಮ್ ನಗರದ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿದ್ದು, ಲೆಕ್ಕದ ಪುಸ್ತಕಕ್ಕಿಂತ ಕ್ಯಾಮೆರಾ ಲೇಸೆಂದು ಬಗೆದು, 1863ರಲ್ಲಿ ಕಲ್ಕತ್ತೆಯಲ್ಲಿ ಬಂದಿಳಿದು, ಸಿಮ್ಲೆಯಲ್ಲಿ ಬಿಡಾರ ಹೂಡಿ, ಆ ವರ್ಷ ಮೊದಲ್ಗೊಂಡು 1866ರೊಳಗೆ ಮೂರು ಸಲ ಹಿಮವಂತನ ಒಳಮನೆಯನ್ನು ಹೊಕ್ಕು ಬಂದ ಈ ಮಹನೀಯರ ಕರ್ತೃತ್ವದ ವಿಷಯದಲ್ಲಿ ವಿದ್ವಾಂಸರಿಗೆ ಸಂಶಯವಿಲ್ಲ. ಆದರೆ ಅವರ ಪೆಟ್ಟಿಗೆಗಳನ್ನು ಹೊತ್ತನೆಂದು ಹೇಳಲಾಗುವ ಕೂಲಿ ಎಂಬ ಪದಾರ್ಥವು ವಸ್ತುತಃ ಇದ್ದಿತೋ, ಇಲ್ಲವೆ ಮೊಲದ ಕೊಂಬು, ಬಂಜೆಯ ಮಗ ಮೊದಲಾದ ಪ್ರಸಿದ್ಧ ವಸ್ತುಗಳ ಗುಂಪಿಗೆ ಸೇರಿದ್ದಿತೋ ಎಂಬುದನ್ನು ಶಾಸ್ತ್ರೋಕ್ತವಾಗಿ ಪರೀಕ್ಷಿಸಿದವರನ್ನು ಕಾಣೆವಾದ್ದರಿಂದ, ಷಟ್‌ಪ್ರಮಾಣಗಳ ಬೆಳಕಿನಲ್ಲಿ ಆ ಕಾರ್ಯಕ್ಕೆ ತೊಡಗುತ್ತೇವೆ.

ಪೂರ್ವಪಕ್ಷಿಯ ವಾದ ಹೀಗಿದೆ: ಚಿತ್ರದ ಗಾಜಿನ ಮೇಲೆ ಬೋರ್ನ್ ಎಂಬ ಹೆಸರೂ ಒಂದು ಕ್ರಮಾಂಕವೂ ಇವೆ, ಮೂರನೆಯದೊಂದಿಲ್ಲ, ಆದಕಾರಣ ಸಾಹೇಬರೊಬ್ಬರೇ ಹೋದರು, ಒಬ್ಬರೇ ಹೊತ್ತರು, ಒಬ್ಬರೇ ತೆಗೆದರು.

ಮೊದಲು ಪ್ರತ್ಯಕ್ಷ. ಚಿತ್ರಗಳನ್ನು ಭೂತಗನ್ನಡಿ ಹಿಡಿದು ನೋಡಿದರೆ, ಅಲ್ಲೊಂದರಲ್ಲಿ ಇಲ್ಲೊಂದರಲ್ಲಿ, ಬಂಡೆಯ ಬುಡದಲ್ಲಿಯೋ ದಾರಿಯ ತಿರುವಿನಲ್ಲಿಯೋ, ಸಾಸಿವೆಯಷ್ಟು ಗಾತ್ರದ ಮನುಷ್ಯಾಕೃತಿ ಗೋಚರಿಸುತ್ತದೆ. ಇದರಿಂದ ಕೂಲಿ ಸಿದ್ಧನಾದನೆಂದು ಹಿಗ್ಗಬೇಕಾಗಿಲ್ಲ. ಶಿಖರವು ಎಷ್ಟು ದೊಡ್ಡದೆಂಬುದನ್ನು ತೋರಿಸಲು ಅಲ್ಲಿ ಏನಾದರೊಂದು ಚಿಕ್ಕದಿರಬೇಕು. ಆ ಚಿಕ್ಕದು ಕೆಲವು ಕ್ಷಣ ಕದಲದೆ ನಿಲ್ಲಬೇಕು. ಹೀಗಿರಲು ಆ ಆಕೃತಿಯು ಅಳತೆಗೋಲೆಂದು ಸಿದ್ಧವಾಗುವುದೇ ಹೊರತು ಮನುಷ್ಯನೆಂದು ಸಿದ್ಧವಾಗುವುದಿಲ್ಲ. ಪ್ರತ್ಯಕ್ಷವು ಇಲ್ಲಿ ದುರ್ಬಲ.

ಅನುಮಾನವು ಬಲವತ್ತರವಾದುದು. ಆ ಕಾಲದ ವಿಧಾನದಲ್ಲಿ ಚಿತ್ರವನ್ನು ಒದ್ದೆ ಗಾಜಿನ ಮೇಲೆ ತೆಗೆಯಬೇಕಾಗಿತ್ತು. 12 ಇಂಚು ಉದ್ದ, 10 ಇಂಚು ಅಗಲದ ಗಾಜಿನ ಫಲಕವನ್ನು ಧೂಳಿನ ಕಣವೂ ಉಳಿಯದಂತೆ ಒರೆಸಿ, ಕೊಲೋಡಿಯನ್ ಎಂಬ ಅಂಟುದ್ರವವನ್ನು ಅದರ ಮೇಲೆ ಸುರಿದು, ನಾಲ್ಕು ಮೂಲೆಗೂ ಹರಿಯುವಂತೆ ಓಲಾಡಿಸಿ, ಮಿಕ್ಕುದನ್ನು ಸೀಸೆಗೆ ಬಸಿದು, ಕತ್ತಲೆಯ ಡೇರೆಯೊಳಗೆ ಬೆಳ್ಳಿಯ ನೈಟ್ರೇಟಿನ ದ್ರಾವಣದಲ್ಲಿ ಅದ್ದಿ ತೆಗೆದು, ಆರುವ ಮುನ್ನವೇ ಕ್ಯಾಮೆರಾಕ್ಕೆ ತೊಡಿಸಿ, ಬೆಳಕಿಗೆ ಒಡ್ಡಿ, ಮರಳಿ ಡೇರೆಗೆ ಧಾವಿಸಿ, ಬಿಂಬವನ್ನು ಎಬ್ಬಿಸಿ ತೊಳೆಯುವಷ್ಟರಲ್ಲಿ ಕೆಲವೇ ನಿಮಿಷಗಳು ಕಳೆದಿರಬೇಕು. ಆದುದರಿಂದ ಸಾಹೇಬರು ಹೋದಲ್ಲಿಗೆಲ್ಲ ಕತ್ತಲೆಯೂ ಹೋಗಬೇಕಾಯಿತು. ಕತ್ತಲೆಯು ದ್ರವ್ಯವೇ ಅಭಾವವೇ ಎಂದು ನೈಯಾಯಿಕರಿಗೂ ಮೀಮಾಂಸಕರಿಗೂ ಶತಮಾನಗಳ ಜಗಳವಿದೆ. ಗಳು, ಬಟ್ಟೆ, ಹಗ್ಗ, ಗೂಟಗಳ ಸಮೇತ ಅದನ್ನು ಬೆನ್ನ ಮೇಲೆ ಹೇರಿಕೊಂಡು ಏರುಹಾದಿ ಹತ್ತಿದವನನ್ನು ಕೇಳಿದ್ದರೆ ಆ ಜಗಳವು ಒಂದೇ ಮಾತಿನಲ್ಲಿ ತೀರುತ್ತಿತ್ತು. ಡೇರೆಯ ಮೇಲೆ ಗಾಜಿನ ಪೆಟ್ಟಿಗೆಗಳು, ಅವುಗಳ ಮೇಲೆ ರಾಸಾಯನಿಕಗಳ ಸೀಸೆಗಳು: ಇವೆಲ್ಲವೂ 1866ರಲ್ಲಿ 18,600 ಅಡಿ ಎತ್ತರದ ಮಾಣಿರಂಗ್ ಕಣಿವೆದಾರಿಯ ನೆತ್ತಿಯನ್ನು ಮುಟ್ಟಿದುದು ಅಲ್ಲಿ ತೆಗೆದ ಚಿತ್ರಗಳಿಂದಲೇ ನಿರ್ವಿವಾದ. ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗುವಂತೆ ಭಾರವೂ ತೆಳುವಾಗುವುದೆಂದು ಪೂರ್ವಪಕ್ಷಿಯು ಹೇಳಬಹುದು. ಹೇಳಿದವನು ಒಂದು ಪೆಟ್ಟಿಗೆಯನ್ನು ಹೊತ್ತು ತೋರಿಸತಕ್ಕದ್ದು.

ಉಪಮಾನವನ್ನು ಬೇಗನೆ ಮುಗಿಸೋಣ. ನಮ್ಮ ಹಂಪಿಯಲ್ಲಿ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಸಾಹೇಬರು ಕಾಗದದ ನೆಗೆಟಿವಿನಲ್ಲಿ ದೇಗುಲಗಳ ಚಿತ್ರ ತೆಗೆದರು. ಅವರಂತೆ ಇವರೂ ಹಗುರಾಗಿ ನಡೆದಿರಬಾರದೇಕೆ ಎಂದರೆ, ಕಾಗದವು ಗಾಜಲ್ಲ, ಹೇಮಕೂಟವು ಹಿಮಾಲಯವಲ್ಲ.

ಇನ್ನು ಶಬ್ದಪ್ರಮಾಣ. ಬೋರ್ನ್ ಸಾಹೇಬರು ತಮ್ಮ ಯಾತ್ರಾವೃತ್ತಾಂತವನ್ನು ಲಂಡನ್ನಿನ ಬ್ರಿಟಿಷ್ ಜರ್ನಲ್ ಆಫ್ ಫೋಟೋಗ್ರಫಿ ಪತ್ರಿಕೆಗೆ ದೀರ್ಘಲೇಖನಗಳಾಗಿ ಬರೆದು ಕಳುಹಿದರು. ಮೊದಲ ಯಾತ್ರೆಗೆ ಸುಮಾರು 30 ಮಂದಿ ಕೂಲಿಗಳು, ಕಾಶ್ಮೀರದ ಯಾತ್ರೆಗೆ 42 ಮಂದಿ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಆದರೆ ವಕ್ತೃವು ಆಪ್ತನೇ ಎಂಬ ಪ್ರಶ್ನೆ ಏಳುತ್ತದೆ. ಏಕೆಂದರೆ ಈ ಲೇಖನಗಳಲ್ಲಿ ದೂರುಗಳಿಗೆ ಕೊರತೆಯಿಲ್ಲ. ಹಿಮಾಲಯವು ಬಲು ದೊಡ್ಡದು, ಅದರಲ್ಲಿ ಸಾಕಷ್ಟು ಸರೋವರಗಳಿಲ್ಲ, ಚೌಕಟ್ಟಿಗೆ ಒಗ್ಗುವುದಿಲ್ಲ ಎಂಬುದು ಒಂದು ದೂರು. ಮೇನಾದೇವಿಯನ್ನು ವರಿಸಿ ಪಾರ್ವತಿಯನ್ನು ಧಾರೆಯೆರೆದು ಕೊಟ್ಟ ಘನಗೃಹಸ್ಥನಾದ ಹಿಮವಂತನಿಗೆ ಕ್ಯಾಮೆರಾದ ಮುಂದೆ ಮೈಮುದುರಿ ನಿಲ್ಲುವ ಸಭ್ಯತೆಯನ್ನು ಯಾರೂ ಕಲಿಸಿರಲಿಲ್ಲವೆಂದು ತೋರುತ್ತದೆ. ಕೂಲಿಗಳು ಹೊರೆಯನ್ನು ದಾರಿಯಲ್ಲಿಟ್ಟು ಪರಾರಿಯಾದರೆಂಬುದು ಇನ್ನೊಂದು. ಪರ್ವತವು ಸರಿಯಬೇಕಾದಲ್ಲಿ ನಿಂತಿತು, ಕೂಲಿಯು ನಿಲ್ಲಬೇಕಾದಲ್ಲಿ ಓಡಿದನು. ಇವೆರಡರ ನಡುವೆ ಸಾಹೇಬರು ಅನುಭವಿಸಿದ ಕ್ಲೇಶವು ಅಪಾರ. ಆಗ ಅವರು ದಪ್ಪನೆಯ ಕೋಲೊಂದನ್ನು ಹಿಡಿದು, ಓಡಿದವರನ್ನು ಹುಡುಕಿ ಹೊರಟು, ಸಿಕ್ಕವರ ಮೇಲೆ ಅದನ್ನು ಪ್ರಯೋಗಿಸಿದ ಸಂಗತಿಯನ್ನು ಮರೆಮಾಚದೆ ಬರೆದಿದ್ದಾರೆ. ಶಾಸ್ತ್ರದೃಷ್ಟಿಯಿಂದ ಇದು ಅಮೂಲ್ಯವಾದ ವಾಕ್ಯ. ಬಂಜೆಯ ಮಗನನ್ನು ಇದುವರೆಗೆ ಯಾರೂ ಹೊಡೆದದ್ದಿಲ್ಲ. ಇಲ್ಲದ ಬೆನ್ನಿಗೆ ಬೆತ್ತ ತಗುಲದು. ಆದ್ದರಿಂದ ಬೆನ್ನು ಇದ್ದಿತು.

ಬೆನ್ನು ಸಿದ್ಧವಾದ ಮೇಲೆ ಅದರ ಉಪಯೋಗವನ್ನು ಅರ್ಥಾಪತ್ತಿಯಿಂದ ತಿಳಿಯಬೇಕು. ಹಗಲು ಉಣ್ಣದ ದೇವದತ್ತನು ದಷ್ಟಪುಷ್ಟನಾಗಿರುವುದನ್ನು ಕಂಡು ಅವನು ಇರುಳು ಉಣ್ಣುವನೆಂದು ಊಹಿಸುವ ಕ್ರಮ ಪ್ರಸಿದ್ಧವೇ ಇದೆ. ಸಾಹೇಬರು ಹಗಲಿನಲ್ಲಿಯೇ ಉಣ್ಣುತ್ತಿದ್ದರಾದ್ದರಿಂದ ಅವರ ಶರೀರದ ವಿಷಯದಲ್ಲಿ ಊಹೆ ಬೇಕಿಲ್ಲ. ಊಹೆ ಬೇಕಾದುದು ಊಟದ ಮೇಜಿನ ವಿಷಯದಲ್ಲಿ. ಬಿಡಾರದ ಪೀಠೋಪಕರಣ, ಓದಲು ಪುಸ್ತಕ, ಚಳಿಗೆ ಬ್ರಾಂದಿ ಇವು ಯಾತ್ರೆಯ ಸಾಮಗ್ರಿಯಲ್ಲಿದ್ದವು. ದೇವದಾರುಗಳ ನಡುವೆ ಮೇಜು ತಾನಾಗಿ ಚಿಗುರುವುದಿಲ್ಲ. ಕುರ್ಚಿಗೆ ನಾಲ್ಕು ಕಾಲುಗಳಿದ್ದರೂ ನಡೆಯುವ ಅಭ್ಯಾಸವಿಲ್ಲ. ಆದುದರಿಂದ ಹಿಂದಿನ ಬೀಡಿನಲ್ಲಿದ್ದ ಮೇಜು ಮುಂದಿನ ಬೀಡಿನಲ್ಲಿ ಸಾಹೇಬರ ಎದುರಿಗೆ ಬಂದುದು ಅನ್ಯಥಾ ಅನುಪಪನ್ನವಾಗಿ, ಮೇಜಿನ ಅಡಿಯಲ್ಲಿ ಒಬ್ಬ ಮನುಷ್ಯನನ್ನು ಕಲ್ಪಿಸದೆ ಗತಿಯಿಲ್ಲ.

ಕಡೆಯದು ಅನುಪಲಬ್ಧಿ, ಪೂರ್ವಪಕ್ಷಿಯ ಬ್ರಹ್ಮಾಸ್ತ್ರವೂ ಇದೇ. ಕೂಲಿಯು ಇದ್ದಿದ್ದರೆ ಗಾಜಿನ ಮೇಲೆ ಅವನ ಹೆಸರೂ ಇರುತ್ತಿತ್ತು, ಇಲ್ಲ, ಆದ್ದರಿಂದ ಅವನಿಲ್ಲ ಎನ್ನುತ್ತಾನೆ. ಆದರೆ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವಾದ್ದರಿಂದ ಗಡಿಗೆಯಿಲ್ಲವೆಂದು ಹೇಳಬೇಕಾದರೆ ಕೋಣೆಯಲ್ಲಿ ದೀಪವಿದ್ದಿರಬೇಕು. ಕತ್ತಲಲ್ಲಿ ಕಾಣದ್ದರಿಂದ ಯಾವುದರ ಅಭಾವವೂ ಸಿದ್ಧವಾಗದೆಂದು ಶಾಸ್ತ್ರಜ್ಞರು ಎಚ್ಚರಿಸಿದ್ದಾರೆ. ಸಾಹೇಬರ ಬೆಳಕು ಶಿಖರದ ಮೇಲೆ ಬಿದ್ದಿತು, ಗಂಗೋತ್ರಿಯ ಹಿಮರಾಶಿಯ ಮೇಲೆ ಬಿದ್ದಿತು, ತಮ್ಮ ಸಹಿಯ ಮೇಲೆ ಬಿದ್ದಿತು. ಡೇರೆಯನ್ನು ಹೊತ್ತವನು ಡೇರೆಯೊಳಗಿನ ಕತ್ತಲೆಯ ಪಾಲಿಗೆ ಬಂದನು. ಅವನ ಹೆಸರು ಕಾಣದಿರುವುದರಿಂದ ದೀಪವನ್ನು ಅತ್ತ ಹಿಡಿಯಲಿಲ್ಲವೆಂಬುದೊಂದೇ ಸಿದ್ಧಿಸುತ್ತದೆ.

ಹೀಗೆ ಕೂಲಿಯು ಇದ್ದನೆಂದು ಸಿದ್ಧಾಂತ. ಸಾಹೇಬರು 1870ರಲ್ಲಿ ಸ್ವದೇಶಕ್ಕೆ ಮರಳಿ, ನಾಟಿಂಗ್‌ಹ್ಯಾಮಿನಲ್ಲಿ ಹತ್ತಿಯ ನೂಲಿನ ಉದ್ಯಮ ನಡೆಸಿ, ಬಿಡುವಿನಲ್ಲಿ ಜಲವರ್ಣದ ಚಿತ್ರ ಬರೆದು, 1912ರಲ್ಲಿ ಕಾಲವಾದರು. ಜಲವರ್ಣಕ್ಕೆ ಡೇರೆ ಬೇಡ, ಗಾಜು ಬೇಡ. ತನ್ನ ಸಾಮಗ್ರಿಯನ್ನು ತಾನೇ ಹೊತ್ತು ನಡೆಯಬಹುದಾದ ಕಲೆ ಅದು. ಅವರ ಹೆಸರನ್ನು ಹೊತ್ತ ಬೋರ್ನ್ ಅಂಡ್ ಷೆಪರ್ಡ್ ಮಳಿಗೆಯು ಕಲ್ಕತ್ತೆಯಲ್ಲಿ 2016ರವರೆಗೂ ಬಾಳಿತು.

ಇನ್ನು ಫಲಶ್ರುತಿ. ಈ ಪ್ರಬಂಧವನ್ನು ಪಠಿಸಿದವರಿಗೆ ಹಿಮಾಲಯವನ್ನೇರುವ ಬಲ ಬಾರದು; ಏರಿದವರನ್ನು ಕಂಡಾಗ ಸಾಮಾನು ಯಾರು ಹೊತ್ತರೆಂದು ಕೇಳುವ ಚಾಳಿ ಮಾತ್ರ ತಪ್ಪದೆ ಅಂಟಿಕೊಳ್ಳುವುದು. ಇಂಥ ಚಾಳಿಯವರನ್ನು ಯಾವ ಯಾತ್ರಿಕನೂ ಜೊತೆಗೆ ಕರೆದೊಯ್ಯನಾದ್ದರಿಂದ ಅವರು ಮನೆಯಲ್ಲಿಯೇ ಕುಳಿತು ಪ್ರಬಂಧಗಳನ್ನು ಬರೆಯುವರು. ಲೋಕದಲ್ಲಿ ಪರ್ವತಗಳಿಗಿಂತ ಪ್ರಬಂಧಗಳು ಹೆಚ್ಚಾಗಿರುವುದಕ್ಕೆ ಇದೇ ಕಾರಣವೆಂದು ತಿಳಿಯತಕ್ಕದ್ದು.